ಬೇಸ್‌ಬಾಲ್ ಆಟಗಾರರ ಬಾಯಿಬಿಟ್ಟ ಆತ್ಮಕಥೆಗಳು, ಓದಿದೋರು ಯಾರಾದ್ರೂ ಇದೀರಾ?

ಗಿಣಿಶಾಸ್ತ್ರ

ನಮ್ಮಲ್ಲಿ ಬೇಸ್‌ಬಾಲ್ ನೋಡೋರು ಕಮ್ಮಿ ಅಂತ ಗೊತ್ತು, ಆದ್ರೂ ಹಾಕ್ತಾ ಇದೀನಿ, ಯಾಕಂದ್ರೆ ಇದು ಆಟದ ಥ್ರೆಡ್ ಅಲ್ಲ, ಪುಸ್ತಕದ ಥ್ರೆಡ್. ಆಟಗಾರರ ಆತ್ಮಕಥೆ ಅಂದ್ರೆ ನಮಗೆ ಸಾಮಾನ್ಯವಾಗಿ ಸಿಗೋದು ಕೋಚ್‌ಗೆ ಒಂದು ನಮಸ್ಕಾರ, ಅಪ್ಪ ಅಮ್ಮಂಗೆ ಒಂದು ನಮಸ್ಕಾರ, ಆಮೇಲೆ ಇನ್ನೂರು ಪುಟ ಸ್ಕೋರ್‌ಕಾರ್ಡು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇನ್ನೊಂದು ಥರದ ಪುಸ್ತಕ ಇದೆ, ತಂಡದ ಒಳಗೇ ಕೂತ್ಕೊಂಡು ಒಳಗಿನದ್ದೆಲ್ಲಾ ಬರೆದು ಹಾಕೋದು. ಬರೆದೋರೆಲ್ಲಾ ಸ್ವಲ್ಪ ತಿಕ್ಕಲು ಅಂತ ಹೆಸರು ತಗೊಂಡೋರೇ.

ಎಲ್ಲಕ್ಕಿಂತ ದೊಡ್ಡ ಗಲಾಟೆ ಮಾಡಿದ್ದು ಜಿಮ್ ಬೌಟನ್ ಬರೆದ 'ಬಾಲ್ ಫೋರ್', 1970. ಬೌಟನ್ ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್, ಅಂದ್ರೆ ಚೆಂಡು ಎಸೆಯೋನು, ಪಂದ್ಯದ ಗೆಲುವು ಸೋಲು ಪಿಚರ್ ಹೆಸರಲ್ಲೇ ಬರ್ಕೋತಾರೆ. 1963 ರಲ್ಲಿ 21 ಗೆಲುವು, 1964 ರಲ್ಲಿ 18, ಅದೇ ವರ್ಷ ವರ್ಲ್ಡ್ ಸೀರೀಸ್‌ನಲ್ಲಿ (ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಕೊನೇ ಸರಣಿ) ಇನ್ನೆರಡು. ಎಷ್ಟು ಜೋರಾಗಿ ಎಸೀತಿದ್ದ ಅಂದ್ರೆ ಎಸೆದ ರಭಸಕ್ಕೆ ತಲೆ ಮೇಲಿನ ಟೋಪಿ ಹಾರಿ ಬೀಳೋದು. 1965 ರಲ್ಲಿ ತೋಳು ಕೈಕೊಡ್ತು, 4 ಗೆಲುವು 15 ಸೋಲು. ಅಲ್ಲಿಂದ ಇಳೀತಾ ಇಳೀತಾ 1969 ರಲ್ಲಿ ಸಿಯಾಟಲ್ ಪೈಲಟ್ಸ್ ಅನ್ನೋ ಹೊಚ್ಚ ಹೊಸ ತಂಡಕ್ಕೆ ಬಂದ. ವೇಗ ಹೋಗಿತ್ತು, ಹಾಗಾಗಿ ನಕಲ್‌ಬಾಲ್ ನಂಬ್ಕೊಂಡಿದ್ದ. ಅಂದ್ರೆ ಚೆಂಡನ್ನ ಬೆರಳ ತುದೀಲಿ ಹಿಡಿದು ಒಂಚೂರೂ ಸುತ್ತದ ಹಾಗೆ ಬಿಡೋದು, ಅದು ಗಾಳೀಲಿ ಎತ್ತಗೆ ವಾಲುತ್ತೆ ಅಂತ ಬ್ಯಾಟರ್‌ಗೂ ಗೊತ್ತಿರಲ್ಲ, ಹಿಡಿಯೋ ಕ್ಯಾಚರ್‌ಗೂ ಗೊತ್ತಿರಲ್ಲ, ನಿಜ ಹೇಳ್ಬೇಕಂದ್ರೆ ಎಸೆದವನಿಗೂ ಗೊತ್ತಿರಲ್ಲ.

ಆ ವರ್ಷ ಪೂರ್ತಿ ಹೋಟೆಲ್ ಕಾಗದದ ಮೇಲೆ, ಟಿಕೆಟ್ ಚೂರಿನ ಮೇಲೆ, ವಿಮಾನದಲ್ಲಿ ವಾಂತಿಗೆ ಅಂತ ಇಟ್ಟಿರ್ತಾರಲ್ಲ ಆ ಚೀಲದ ಮೇಲೆ, ಎಲ್ಲಿ ಸಿಗ್ತೋ ಅಲ್ಲಿ ಬರ್ಕೊಂಡ, ಟೇಪ್ ರೆಕಾರ್ಡರ್‌ಗೂ ಮಾತಾಡಿ ಲೆನರ್ಡ್ ಶೆಕ್ಟರ್ ಅನ್ನೋ ಪತ್ರಕರ್ತನಿಗೆ ಕಳಿಸ್ತಾ ಹೋದ. ಇಬ್ರೂ ಸೇರಿ ಅದನ್ನ ಡೈರಿ ಮಾಡಿದ್ರು. ಮಿಕ್ಕಿ ಮ್ಯಾಂಟಲ್ ಅನ್ನೋ ದೇವರಂಥ ಆಟಗಾರ ರಾತ್ರಿ ಕುಡಿದಿದ್ದು ಇಳಿಯೋಕೆ ಮುಂಚೆ ಬ್ಯಾಟ್ ಹಿಡ್ಕೊಂಡು ಹೋಗಿ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದಿದ್ದು, ಆಟೋಗ್ರಾಫ್ ಕೇಳೋಕೆ ಬಂದ ಮಕ್ಕಳ ಮುಖದ ಮೇಲೆ ಬಸ್ ಕಿಟಕಿ ಮುಚ್ಚಿದ್ದು, ಆಟಗಾರರು ಗ್ರೀನೀಸ್ ಅಂತ ಆಂಫೆಟಮೀನ್ ಮಾತ್ರೆ ನುಂಗಿ ಮೈದಾನಕ್ಕೆ ಇಳೀತಿದ್ದಿದ್ದು, ಎಲ್ಲಾ ಹೆಸರು ಸಮೇತ ಇದೆ.

ಲುಕ್ ಮ್ಯಾಗಜೀನ್‌ನಲ್ಲಿ ಕೆಲವು ಭಾಗ ಬಂದಿದ್ದೇ ತಡ ಬೇಸ್‌ಬಾಲ್ ಕಮಿಷನರ್ ಬೋವಿ ಕುನ್ ಕರೆಸ್ಕೊಂಡು ಇದೆಲ್ಲಾ ನಿಜ ಅಲ್ಲ ಅಂತ ಸಹಿ ಹಾಕು ಅಂದ. ಬೌಟನ್ ಹಾಕ್ಲಿಲ್ಲ. ಮೊದಲು 5,000 ಪ್ರತಿ ಮಾತ್ರ ಅಚ್ಚು ಹಾಕ್ಸಿದ್ರಂತೆ, ಕಮಿಷನರ್ ಸಾಹೇಬ್ರು ಮಾಡಿದ ಪುಕ್ಕಟೆ ಪ್ರಚಾರಕ್ಕೆ ಲಕ್ಷಗಟ್ಟಲೆ ಹೋಯ್ತು.

ಈಗ ನನ್ನ ವಾದ. ಎಲ್ರೂ ಈ ಪುಸ್ತಕವನ್ನ ಕುಡಿತ, ಮಾತ್ರೆ, ಪೋಲಿತನ ಅಂತ ನೆನಪಿಟ್ಕೊಂಡಿದಾರೆ. ಆದ್ರೆ ಮಾಲೀಕರಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಸಂಬಳದ ಪುಟಗಳು. 21 ಗೆಲುವು ತಂದುಕೊಟ್ಟ ವರ್ಷ ಅವನಿಗೆ ಸಿಕ್ಕಿದ್ದು 10,500 ಡಾಲರ್. ಮುಂದಿನ ವರ್ಷಕ್ಕೆ 20,000 ಕೇಳಿದ್ರೆ ಮ್ಯಾನೇಜ್‌ಮೆಂಟ್ 18,500 ಅಂತು, ಸಹಿ ಹಾಕದೇ ಇದ್ರೆ ದಿನಕ್ಕೆ 100 ಡಾಲರ್ ಕಡಿತ ಅಂತ ಹೆದರಿಸಿದ್ರು, ಹಾಕ್ದ. ಇದನ್ನ ಅಂಕಿ ಸಮೇತ ಹೊರಗೆ ಹೇಳಿದ ಆಟಗಾರ ಅದಕ್ಕೆ ಮುಂಚೆ ಇರ್ಲಿಲ್ಲ ಅಂತಾನೇ ಹೇಳ್ಬಹುದು. ಯಾರು ಒಪ್ತೀರಾ, ಯಾರು ಬೈತೀರಾ?

ಹುಬ್ಬಳ್ಳಿ ಮಂದಿ

ಬೈಯಾಂವ ನಾನ ಮೊದಲ. ಅಲ್ರೀ, ಒಂದ್ ರೂಮ್‌ನ್ಯಾಗ ಇಪ್ಪತ್ತೈದು ಮಂದಿ ಬಟ್ಟಿ ಬದಲಾಯಿಸ್ತಾರ, ನಗ್ತಾರ, ಒಬ್ಬರಿಗೊಬ್ಬರು ಬೈಕೋತಾರ, ಮನಿ ತಾಪತ್ರಯ ಹೇಳ್ಕೋತಾರ. ಅವ್ರು ನಂಬಿ ಮಾತಾಡಿದ್ದು ಜೊತಿಗೆ ಆಡಾಂವನ ಮುಂದ, ಪತ್ರಕರ್ತನ ಮುಂದ ಅಲ್ಲ. ಮದುವಿ ಮನ್ಯಾಗ ಹೊಟ್ಟಿ ತುಂಬ ಉಂಡು ಹೊರಗ ಬಂದು ಸಾರಿನ್ಯಾಗ ಉಪ್ಪ ಜಾಸ್ತಿ ಅಂತ ಪೇಪರ್‌ನ್ಯಾಗ ಹಾಕಿಸಿದಂಗ ಆತ ಇದು. ಸಂಬಳದ ವಿಷಯ ಬರೀರಿ, ಯಾರ್ ಬ್ಯಾಡ ಅಂದ್ರು, ನಿಮ್ಮ ಸಂಬಳ ನಿಮ್ದು. ಮ್ಯಾಂಟಲ್ ಕುಡದಿದ್ದು ನಿಮ್ದ ಹೆಂಗ ಆಗ್ತದ?

ನಿಂಬೆಹುಳಿ

ಕುಡಿದು ಹೋಮ್ ರನ್ ಹೊಡೆದ ಅಂದ್ರೆ ಅದು ಹೊಗಳಿಕೆ ಅಲ್ವಾ ಗುರು, ನಾನಂತೂ ಕಾಫಿ ಕುಡಿದೂ ಟೆನಿಸ್ ಬಾಲ್ ಹೊಡೆಯಕ್ಕಾಗಲ್ಲ

ಗಿಣಿಶಾಸ್ತ್ರ

@ಹುಬ್ಬಳ್ಳಿ ಮಂದಿ ಸರ್, ನಿಮ್ಮ ಮಾತನ್ನ ಆಗಿನೋರೂ ಹೇಳಿದ್ರು. ಕ್ಲಬ್‌ಹೌಸ್, ಅಂದ್ರೆ ಆಟಗಾರರು ಬಟ್ಟೆ ಬದಲಾಯಿಸೋ ಕೋಣೆ, ಅದರ ಗೋಡೆ ಮೇಲೇ ಬೋರ್ಡ್ ಇರ್ತಿತ್ತು, ಇಲ್ಲಿ ನೋಡಿದ್ದು ಕೇಳಿದ್ದು ಹೇಳಿದ್ದು ಹೊರಗೆ ಹೋಗ್ವಾಗ ಇಲ್ಲೇ ಬಿಟ್ಟು ಹೋಗು ಅಂತ. ಎದುರಾಳಿ ತಂಡದ ಪೀಟ್ ರೋಸ್ ಡಗೌಟ್‌ನಿಂದ ಎದ್ದು ನಿಂತು "ಲೋ ಷೇಕ್ಸ್‌ಪಿಯರ್" ಅಂತ ಶುರು ಮಾಡಿ ಇಲ್ಲಿ ಬರೆಯಕ್ಕಾಗದ ಮಾತಲ್ಲಿ ಬೈದ. ಡಿಕ್ ಯಂಗ್ ಅನ್ನೋ ದೊಡ್ಡ ಅಂಕಣಕಾರ ಬೌಟನ್‌ನೂ ಶೆಕ್ಟರ್‌ನೂ ಸಮಾಜದ ಕುಷ್ಠರೋಗಿಗಳು ಅಂತ ಬರೆದ. ಸ್ಯಾನ್ ಡಿಯಾಗೊ ತಂಡದೋರು ಪುಸ್ತಕ ಸುಟ್ಟು ಆ ಬೂದಿ ಅವನ ಕಣ್ಣಿಗೆ ಬೀಳೋ ಹಾಗೆ ಕ್ಲಬ್‌ಹೌಸ್‌ನಲ್ಲಿ ಇಟ್ಟಿದ್ರಂತೆ. ಯಾಂಕೀಸ್ ಪ್ರತಿ ವರ್ಷ ಹಳೇ ಆಟಗಾರರನ್ನ ಕರೆದು ಓಲ್ಡ್ ಟೈಮರ್ಸ್ ಡೇ ಮಾಡ್ತಾರೆ, ಅದಕ್ಕೆ ಇವನನ್ನ 1998 ರ ತನಕ ಕರೀಲೇ ಇಲ್ಲ.

ಆದ್ರೆ ಒಂದು ನೋಡಿ, ಮ್ಯಾಂಟಲ್ 1994 ರಲ್ಲಿ ಚಿಕಿತ್ಸೆ ತಗೊಂಡು ಬಂದು ಸ್ಪೋರ್ಟ್ಸ್ ಇಲಸ್ಟ್ರೇಟೆಡ್‌ನಲ್ಲಿ ತಾನೇ ಹೇಳ್ಕೊಂಡ, ಕುಡಿತ ನನ್ನ ಬದುಕು ತಿಂದು ಹಾಕ್ತು ಅಂತ. ಬೌಟನ್ ಬರೆದಿದ್ದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಪತ್ರಕರ್ತರಿಗೆಲ್ಲಾ ಗೊತ್ತಿತ್ತು, ಅದೇ ಬಾರಲ್ಲಿ ಕೂತಿರ್ತಿದ್ರು, ಯಾರೂ ಬರೀಲಿಲ್ಲ ಅಷ್ಟೆ.

ಹುಬ್ಬಳ್ಳಿ ಮಂದಿ

ತಾನ ಹೇಳ್ಕೊಳ್ಳೂದು ಬ್ಯಾರೆ, ಮತ್ತೊಬ್ರು ಹೇಳೂದು ಬ್ಯಾರೆ. ಇಪ್ಪತ್ನಾಕ್ ವರ್ಷ ಆದಮ್ಯಾಲ ಅಂವ ಒಪ್ಕೊಂಡ ಅಂತ ಹೇಳಿ ಮೊದಲ ಬರದಾಂವ ಸಾಚಾ ಆಗಂಗಿಲ್ರಿ.

ಲೆಕ್ಕಪತ್ರ

ಸಂಬಳದ ವಿಷ್ಯಕ್ಕೆ ಬರ್ತೀನಿ ನಾನು, ಯಾಕಂದ್ರೆ ರಿಸರ್ವ್ ಕ್ಲಾಸ್ ಅನ್ನೋ ಒಪ್ಪಂದದ ಷರತ್ತು ಏನು ಅಂತ ಗೊತ್ತಿಲ್ಲದೇ ಇದ್ರೆ ಈ ಪುಸ್ತಕದ ಸಿಟ್ಟು ಅರ್ಥ ಆಗಲ್ಲ.

ಆಗ ಆಟಗಾರ ಒಂದ್ಸಲ ಒಂದು ತಂಡಕ್ಕೆ ಸಹಿ ಹಾಕಿದ್ರೆ ಮುಗೀತು. ಒಪ್ಪಂದ ಮುಗಿದ್ರೂ ಇನ್ನೊಂದು ವರ್ಷ ಮುಂದುವರಿಸೋ ಹಕ್ಕು ತಂಡಕ್ಕೆ, ಆ ವರ್ಷ ಮುಗಿದ್ರೆ ಮತ್ತೆ ಇನ್ನೊಂದು, ಹೀಗೇ ಸಾಯೋ ತನಕ. ತಂಡ ಮಾರಬಹುದು, ಬದಲಾಯಿಸ್ಕೊಳ್ಬಹುದು, ಮನೆಗೆ ಕಳಿಸಬಹುದು. ಆಟಗಾರನಿಗೆ ಇರೋದು ಒಂದೇ ದಾರಿ, ಆಟ ಬಿಡೋದು. ಬೌಟನ್‌ನ ಅದೇ ಡೈರಿ ವರ್ಷದಲ್ಲಿ, 1969 ಆಗಸ್ಟ್‌ನಲ್ಲಿ, ಪೈಲಟ್ಸ್‌ನಿಂದ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಸಾಗಹಾಕಿದ್ರು. ಬದಲಿಗೆ ಸಿಕ್ಕಿದ್ದು ಮುಖ್ಯವಾಗಿ ಡೂಲಿ ವೊಮ್ಯಾಕ್ ಅನ್ನೋ ಪಿಚರ್, ನನ್ನ ಬೆಲೆ ಇಷ್ಟೇನಾ ಅಂತ ಬೌಟನ್ ಅದನ್ನ ಹೇಳ್ಕೊಂಡು ಹೇಳ್ಕೊಂಡು ನಗ್ತಾನೆ.

ಇದನ್ನ ಕೋರ್ಟ್‌ಗೆ ಎಳೆದೋನು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಸೆಂಟರ್ ಫೀಲ್ಡರ್, ವರ್ಷಕ್ಕೆ 90,000 ಡಾಲರ್ ತಗೋತಿದ್ದೋನು. 1969 ಅಕ್ಟೋಬರ್‌ನಲ್ಲಿ ಅವನನ್ನ ಫಿಲಡೆಲ್ಫಿಯಾಗೆ ಕೊಟ್ಬಿಟ್ರು, ಕೇಳಲೂ ಇಲ್ಲ. ಹೋಗಲ್ಲ ಅಂದ. ಕ್ರಿಸ್‌ಮಸ್ ಹಿಂದಿನ ದಿನ ಕಮಿಷನರ್‌ಗೆ ಪತ್ರ ಬರೆದ, ಕೊಳ್ಳೋ ಮಾರೋ ಸಾಮಾನಲ್ಲ ನಾನು ಅಂತ. ಟಿವಿಯಲ್ಲಿ ಅಷ್ಟು ಸಂಬಳ ಇದ್ದೂ ಏನಪ್ಪಾ ನಿನ್ನ ಗೋಳು ಅಂದ್ರೆ, ಒಳ್ಳೆ ಸಂಬಳದ ಗುಲಾಮನೂ ಗುಲಾಮನೇ ಅಂದ. ಕಪ್ಪು ಮನುಷ್ಯ ಈ ಮಾತು ಆಡಿದ್ದು ಬಿಳಿಯರ ಕಿವಿಗೆ ಹೇಗೆ ಬಿದ್ದಿರುತ್ತೆ ಯೋಚ್ನೆ ಮಾಡಿ. 1972 ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-3 ರಲ್ಲಿ ಸೋತ. ಅಷ್ಟರಲ್ಲಿ ಅವನ ಆಟವೂ ಮುಗಿದಿತ್ತು, 1971 ರಲ್ಲಿ ವಾಷಿಂಗ್ಟನ್‌ಗೆ 13 ಪಂದ್ಯ ಆಡಿ ಸ್ಪೇನ್‌ಗೆ ಹೊರಟೋದ. ವಿಚಾರಣೆ ನಡೀವಾಗ ಜಾಕಿ ರಾಬಿನ್ಸನ್ (ಮೇಜರ್ ಲೀಗ್‌ನ ವರ್ಣಭೇದ ಮುರಿದ ಕಪ್ಪು ಆಟಗಾರ) ಥರದ ನಿವೃತ್ತರು ಬಂದು ಸಾಕ್ಷಿ ಹೇಳಿದ್ರು, ಆಗ ಆಡ್ತಾ ಇದ್ದ ಒಬ್ಬನೂ ಬರ್ಲಿಲ್ಲ. ಅವನ 'ದ ವೇ ಇಟ್ ಈಸ್' 1971 ರಲ್ಲಿ ಬಂತು. ಬೌಟನ್ ಥರ ನಗಿಸಲ್ಲ, ಸಿಟ್ಟಲ್ಲಿ ಬರೆದಿದ್ದು, ಆದ್ರೆ ನನಗೆ ಅದೇ ಇಷ್ಟ.

ಆಮೇಲೆ 1975 ಡಿಸೆಂಬರ್‌ನಲ್ಲಿ ಮೆಸರ್‌ಸ್ಮಿತ್, ಮ್ಯಾಕ್‌ನ್ಯಾಲಿ ಅನ್ನೋ ಇಬ್ಬರು ಪಿಚರ್‌ಗಳ ಕೇಸಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಆಟಗಾರರ ಪರ ತೀರ್ಪು ಕೊಟ್ಟ, ಅಲ್ಲಿಂದ ಫ್ರೀ ಏಜೆನ್ಸಿ ಶುರು, ಅಂದ್ರೆ ಒಪ್ಪಂದ ಮುಗಿದ ಆಟಗಾರ ಬೇಕಾದ ತಂಡಕ್ಕೆ ಹೋಗೋ ಹಕ್ಕು. ಆ ವಿಚಾರಣೆಯಲ್ಲಿ 'ಬಾಲ್ ಫೋರ್' ಸಾಕ್ಷ್ಯವಾಗಿ ಬಂತು. ಹಾಗಾಗಿ @ಗಿಣಿಶಾಸ್ತ್ರ ಹೇಳಿದ್ದಕ್ಕೆ ನನ್ನ ಪೂರ್ತಿ ವೋಟು.

ಕಾಫಿ ಪುಡಿ

ಬಾಸ್ಟನ್ ಕಡೆಯಿಂದ ನಮಸ್ಕಾರ. ಬಿಲ್ ಲೀ ಹೆಸರೇ ಎತ್ತದೇ ಇಷ್ಟುದ್ದ ಬರೆದ್ರಲ್ಲ, ಮನಸ್ಸು ಹೆಂಗ್ ಬಂತು?

ಬಿಲ್ "ಸ್ಪೇಸ್‌ಮನ್" ಲೀ, ರೆಡ್ ಸಾಕ್ಸ್‌ನ ಎಡಗೈ ಪಿಚರ್, ಪುಸ್ತಕ 'ದ ರಾಂಗ್ ಸ್ಟಫ್', 1984. ಗಾಂಜಾ ವಿಷ್ಯ ಕೇಳಿದ್ರೆ ಸೇದಲ್ಲಪ್ಪಾ, ಬೆಳಗ್ಗೆ ಪ್ಯಾನ್‌ಕೇಕ್ ಮೇಲೆ ಉದುರಿಸ್ಕೊಂಡು ತಿಂತೀನಿ, ಆಮೇಲೆ ಮೈದಾನಕ್ಕೆ ಓಡ್ಕೊಂಡು ಹೋಗ್ವಾಗ ಬಸ್ ಹೊಗೆ ನನಗೇನೂ ಮಾಡಲ್ಲ ಅಂದ. ಕಮಿಷನರ್ ಕುನ್ (ಅದೇ ಮಹಾಶಯ) 250 ಡಾಲರ್ ದಂಡ ಹಾಕ್ದ. ಮ್ಯಾನೇಜರ್ ಡಾನ್ ಜಿಮ್ಮರ್‌ಗೆ ಜರ್ಬಿಲ್ ಅಂತ ಹೆಸರಿಟ್ಟ, ಅದೊಂದು ಕೆನ್ನೆ ಉಬ್ಬಿದ ಇಲಿ ಜಾತಿ ಪ್ರಾಣಿ. 1978 ರಲ್ಲಿ ಗೆಳೆಯ ಬರ್ನಿ ಕಾರ್ಬೊನ ತಂಡ ಮಾರಿದಾಗ ಸಿಟ್ಟಲ್ಲಿ ಮನೆಗೆ ಹೋದ, ಒಂದು ದಿನದ ಸಂಬಳ ದಂಡ ಅಂದ್ರೆ ಹಾಗಾದ್ರೆ 1,500 ಹಾಕಿ, ವಾರಾಂತ್ಯ ಪೂರ್ತಿ ರಜಾ ತಗೋತೀನಿ ಅಂದ.

ಇದೆಲ್ಲಾ ಜೋಕು. ಜೋಕಲ್ಲದ್ದು ಏನಂದ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯಾಂಕೀಸ್ ಬೆನ್ನಿಗೆ ಬಿದ್ದಿದಾರೆ, ಕೈಯಲ್ಲಿದ್ದ ದೊಡ್ಡ ಮುನ್ನಡೆ ಕರಗಿ ಹೋಗಿದೆ, ಯಾಂಕೀಸ್ ಮೇಲೆ ಒಳ್ಳೆ ದಾಖಲೆ ಇರೋ ಲೀ ಬೆಂಚ್ ಮೇಲೆ ಕೂತಿದಾನೆ, ಜಿಮ್ಮರ್ ಅವನನ್ನ ಬಿಟ್ಟು ಅನುಭವಾನೇ ಇಲ್ಲದ ಹೊಸ ಹುಡುಗನ ಕೈಗೆ ಚೆಂಡು ಕೊಟ್ಟ. ಸೋತ್ರು. ಇವತ್ತಿಗೂ ಇಲ್ಲಿ ವಯಸ್ಸಾದೋರ ಹತ್ರ ಆ ವಾರದ ಬಗ್ಗೆ ಮಾತಾಡಿದ್ರೆ ಮುಖ ಕೆಂಪಾಗುತ್ತೆ. ಮುಕ್ತವಾಗಿ ಮಾತಾಡೋನಿಗೆ ಶಿಕ್ಷೆ ಅಂದ್ರೆ ದಂಡ ಅಲ್ಲ, ಆಡಿಸದೇ ಕೂರಿಸೋದು.

1982 ರಲ್ಲಿ ಮಾಂಟ್ರಿಯಲ್‌ನಲ್ಲೂ ಗೆಳೆಯನನ್ನ ತೆಗೆದ್ರು ಅಂತ ಮತ್ತೆ ಎದ್ದು ಹೋದ, ಅಲ್ಲಿಗೆ ಮೇಜರ್ ಲೀಗ್ ಮುಗೀತು. 119 ಗೆಲುವು. ಆಮೇಲೆ ಸುಮ್ನೆ ಕೂತ್ನಾ ಅಂದ್ರೆ ಇಲ್ಲ, 1988 ರಲ್ಲಿ ರೈನೊಸಿರಸ್ ಪಾರ್ಟಿಯಿಂದ ಅಧ್ಯಕ್ಷ ಚುನಾವಣೆಗೆ ನಿಂತ, 2012 ರಲ್ಲಿ 65 ನೇ ವಯಸ್ಸಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಪ್ರೊಫೆಷನಲ್ ಲೀಗ್‌ನಲ್ಲಿ ಎಸೆದು ಗೆದ್ದ.

ಬೆಂಚ್ ಮೇಲಿನವ

ನಾನೊಂದು ಗಮನಿಸಿದ್ದು ಹೇಳ್ತೀನಿ. ಬೌಟನ್ ಪಿಚರ್, ಲೀ ಪಿಚರ್. ಇವರಿಬ್ಬರಿಗಿಂತ ಮುಂಚೆ ಜಿಮ್ ಬ್ರಾಸ್ನನ್ ಅಂತಿದ್ದ, 'ದ ಲಾಂಗ್ ಸೀಸನ್' 1960, 1959 ರ ಸೀಸನ್ ಡೈರಿ, ಅವನೂ ಪಿಚರ್. 'ದ ಬ್ರಾಂಕ್ಸ್ ಝೂ' ಬರೆದ ಸ್ಪಾರ್ಕಿ ಲೈಲ್ ಪಿಚರ್. ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ದರ್ಜೆ) ಬಗ್ಗೆ 2010 ರಲ್ಲಿ 'ದ ಬುಲ್‌ಪೆನ್ ಗಾಸ್ಪೆಲ್ಸ್' ಬರೆದ ಡರ್ಕ್ ಹೇಹರ್ಸ್ಟ್, ಅಜ್ಜಿ ಮನೆ ನೆಲದ ಮೇಲೆ ಗಾಳಿ ಹಾಸಿಗೆ ಹಾಕ್ಕೊಂಡು ಮಲಗ್ತಿದ್ದ ಮನುಷ್ಯ, ಅವನೂ ಪಿಚರ್. ಯಾಕೆ?

ಯಾಕಂದ್ರೆ ಅವರಿಗೆ ಪುರ್ಸೊತ್ತು ಇದೆ. ಶುರುವಿಂದ ಎಸೆಯೋ ಪಿಚರ್ ನಾಲ್ಕೈದು ದಿನಕ್ಕೊಮ್ಮೆ ಎಸೀತಾನೆ, ಪಂದ್ಯದ ಮಧ್ಯೆ ಇಳಿಯೋ ರಿಲೀಫ್ ಪಿಚರ್ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ವಾರ್ಮ್ ಅಪ್ ಮಾಡೋ ಜಾಗ) ಕೂತ್ಕೊಂಡು ತನ್ನನ್ನ ಕರೀತಾರಾ ಇಲ್ವಾ ಅಂತ ಗಂಟೆಗಟ್ಟಲೆ ಕಾಯ್ತಾನೆ. ನಾನು ಕಾಲೇಜ್ ದಿನಗಳಲ್ಲಿ ಬೆಂಗಳೂರು ಲೀಗ್ ಕ್ರಿಕೆಟ್‌ನಲ್ಲಿ ಬಹುಪಾಲು ನೀರಿನ ಬಾಟ್ಲಿ ಹೊತ್ಕೊಂಡು ಓಡಾಡಿದೋನು, ನಂಬಿ, ತಂಡದಲ್ಲಿ ಯಾರಿಗೆ ಯಾರನ್ನ ಕಂಡ್ರೆ ಆಗಲ್ಲ ಅನ್ನೋದು ಕ್ಯಾಪ್ಟನ್‌ಗಿಂತ ಚೆನ್ನಾಗಿ ನನಗೇ ಗೊತ್ತಿರ್ತಿತ್ತು. ಸೆಂಚುರಿ ಹೊಡೆಯೋನಿಗೆ ಅದೆಲ್ಲಾ ಕಾಣಲ್ಲ, ಕಾಣೋ ಅಗತ್ಯಾನೂ ಇಲ್ಲ.

ಬ್ರಾಸ್ನನ್ ಬಗ್ಗೆ ಇನ್ನೊಂದು, ಅವನಿಗೆ ಗೋಸ್ಟ್ ರೈಟರ್ ಇರ್ಲಿಲ್ಲ, ಪ್ರತಿ ವಾಕ್ಯ ಅವನೇ ಬರೆದಿದ್ದು. ಕನ್ನಡಕ ಹಾಕ್ಕೊಂಡು ಪುಸ್ತಕ ಓದ್ತಾ ಕೂರೋನು ಅಂತ ಪ್ರೊಫೆಸರ್ ಅಂತ ಕರೀತಿದ್ರು. ಕೊನೆಗೆ ಶಿಕಾಗೊ ವೈಟ್ ಸಾಕ್ಸ್‌ನೋರು ಸೀಸನ್ ನಡೀವಾಗ ಏನೂ ಪ್ರಕಟಿಸಬಾರ್ದು ಅಂತ ಷರತ್ತು ಹಾಕಿದ್ರು, ಇವನು ಒಪ್ಲಿಲ್ಲ, ತೆಗೆದು ಹಾಕಿದ್ರು. ಆಗ ಕ್ರೀಡಾ ಪತ್ರಿಕೇಲಿ ಕೆಲಸ ಬೇಕಾಗಿದೆ ಅಂತ ತಾನೇ ಜಾಹೀರಾತು ಕೊಟ್ಟ. ಯಾರೂ ಕರೀಲಿಲ್ಲ.

ಸೌಪರ್ಣಿಕಾ

ಎಲ್ರೂ ಗಂಡಸರೇ ಮಾತಾಡ್ತಾ ಇದೀರ, ನಾನೊಂದು ಮಾತು ಹೇಳ್ಲಾ. 'ಬಾಲ್ ಫೋರ್' ನಾನೂ ಓದಿದೀನಿ, ನಕ್ಕಿದೀನಿ, ಆದ್ರೆ ಅದ್ರಲ್ಲಿ ಆಟಗಾರರು ಹೋಟೆಲ್ ಛಾವಣಿ ಹತ್ತಿ ಕಿಟಕಿಯಲ್ಲಿ ಹೆಂಗಸರನ್ನ ಇಣುಕಿ ನೋಡೋದು, ಸ್ಟೇಡಿಯಂ ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡೋದು, ಅದಕ್ಕೊಂದು ಹೆಸರು ಬೇರೆ ಇಟ್ಕೊಂಡಿರೋದು, ಇದನ್ನೆಲ್ಲಾ ಹುಡುಗಾಟದ ಥರ ಬರೆದಿದಾನೆ. ಮ್ಯಾಂಟಲ್ ಮರ್ಯಾದೆ ಹೋಯ್ತು ಅಂತ ಅಮೆರಿಕ ಪೂರ್ತಿ ಅತ್ತಿತು, ಆ ಕಿಟಕಿ ಒಳಗಿದ್ದ ಹೆಂಗಸಿನ ಬಗ್ಗೆ 1970 ರಲ್ಲಿ ಯಾರು ಕೇಳಿದ್ರು? ಈ ಥ್ರೆಡ್‌ನಲ್ಲೂ "ಪೋಲಿತನ" ಅಂತ ಒಂದೇ ಪದದಲ್ಲಿ ದಾಟಿಸಿಬಿಟ್ರಿ.

ಇನ್ನೊಂದು ಪುಸ್ತಕ ಇದೆ, ಇಲ್ಲಿ ಯಾರೂ ಹೇಳ್ಲಿಲ್ಲ. 'ಹೋಮ್ ಗೇಮ್ಸ್', 1983. ಬರೆದೋರು ಬಾಬಿ ಬೌಟನ್ ಮತ್ತು ನ್ಯಾನ್ಸಿ ಮಾರ್ಷಲ್. ಮೊದಲನೇ ಅವರು ನಮ್ಮ ಈ ಜಿಮ್ ಬೌಟನ್‌ನ ಮಾಜಿ ಹೆಂಡತಿ, ಎರಡನೇ ಅವರು ಪೈಲಟ್ಸ್‌ನಲ್ಲೇ ಅವನ ಜೊತೆ ಆಡಿದ ಪಿಚರ್ ಮೈಕ್ ಮಾರ್ಷಲ್‌ನ ಮಾಜಿ ಹೆಂಡತಿ. ಇಬ್ಬರು ಗೆಳತಿಯರ ಪತ್ರಗಳ ರೂಪದಲ್ಲಿದೆ. ಗಂಡ ಊರೂರು ತಿರುಗೋವಾಗ ಮಕ್ಕಳನ್ನ ಕಟ್ಕೊಂಡು ವರ್ಷಕ್ಕೆ ಎಷ್ಟ್ ಸಲ ಮನೆ ಬದಲಾಯಿಸ್ಬೇಕು, ರೋಡ್ ಟ್ರಿಪ್‌ನಲ್ಲಿ ಏನ್ ನಡೀತಾ ಇದೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಹೇಗಿರ್ಬೇಕು. ತಂಡದ ಗುಟ್ಟು ಬಯಲು ಮಾಡಿದೋನ ಮನೆ ಗುಟ್ಟು ಹೆಂಡತಿ ಬಯಲು ಮಾಡಿದ್ರು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದ್ಬೇಕು.

ಹುಬ್ಬಳ್ಳಿ ಮಂದಿ

ಅಕ್ಕಾರ, ಅಗದೀ ಖರೇ ಮಾತ ಹೇಳಿದ್ರಿ. ಈಗ ಕೇಳ್ರಿ ಗಿಣಿಶಾಸ್ತ್ರ, ನಿಮ್ಮ ಬೌಟನ್‌ಗ ಅದನ್ನ ಓದಿದಾಗ ಹೆಂಗ ಅನಸ್ತು ಅಂತ.

ಗಿಣಿಶಾಸ್ತ್ರ

ಸೌಪರ್ಣಿಕಾ ಅವ್ರೇ, ಕಿಟಕಿ ವಿಷ್ಯ ನೀವು ಹೇಳಿದ್ದು ಸರಿ, ಅದಕ್ಕೆ ನನ್ನ ಹತ್ರ ಸಮಜಾಯಿಷಿ ಇಲ್ಲ. ಆದ್ರೆ ಒಂದು ಹೇಳ್ತೀನಿ, ಬೌಟನ್ ಬರೆಯದೇ ಇದ್ದಿದ್ರೆ ಅದು ನಡೀತಿತ್ತು ಅಂತಾನೇ ಇವತ್ತು ನಮಗೆ ಗೊತ್ತಾಗ್ತಿರ್ಲಿಲ್ಲ. ಅವನ ನಗು ಅವತ್ತಿನ ಕಾಲದ್ದು, ದಾಖಲೆ ನಮ್ಮ ಕೈಗೆ ಉಳೀತು.

ಸೌಪರ್ಣಿಕಾ

ದಾಖಲೆ ಮಾಡಿದೋನು ಛಾವಣಿ ಮೇಲೆ ಜೊತೆಗೇ ಇದ್ದ ಅನ್ನೋದನ್ನೂ ಸೇರಿಸ್ಕೊಳ್ಳಿ ಹಾಗಾದ್ರೆ 🙂

ನಿಂಬೆಹುಳಿ

ಡಾಕ್ ಎಲಿಸ್ ಯಾರೂ ಹೇಳ್ತಿಲ್ಲ ಅಂದ್ರೆ ಈ ಥ್ರೆಡ್ ಅಪೂರ್ಣ. ಎಲ್ಎಸ್‌ಡಿ ನೋ ಹಿಟ್ಟರ್!!

ಕಾಫಿ ಪುಡಿ

ಹೇಳ್ತೀನಿ ಇರಪ್ಪ. ನೋ ಹಿಟ್ಟರ್ ಅಂದ್ರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೇ ಇರೋದು, ಎಷ್ಟೋ ದೊಡ್ಡ ಪಿಚರ್‌ಗಳಿಗೆ ಜೀವಮಾನದಲ್ಲಿ ಒಂದೂ ಸಿಗಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಡಾಕ್ ಎಲಿಸ್ 1970 ಜೂನ್ 12 ರಂದು ಸ್ಯಾನ್ ಡಿಯಾಗೊ ವಿರುದ್ಧ ಅದನ್ನ ಮಾಡ್ದ, 2-0. ಎಂಟು ಜನರಿಗೆ ವಾಕ್ ಕೊಟ್ಟ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗೋ ಬೇಸ್), ಒಬ್ಬನಿಗೆ ಚೆಂಡಲ್ಲಿ ಹೊಡೆದ, ಅಂದ್ರೆ ಅಂದ ಚೆಂದ ಏನಿಲ್ಲ. ಅವತ್ತು ಎಲ್ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸೋ ಡ್ರಗ್ ತಗೊಂಡಿದ್ದೆ ಅಂತ ಆಮೇಲೆ ಹೇಳ್ದ.

ಮಜಾ ಇರೋದು ಪುಸ್ತಕದಲ್ಲಿ. ಡೊನಾಲ್ಡ್ ಹಾಲ್ ಅಂತ ದೊಡ್ಡ ಕವಿ, ಅವನು ಎಲಿಸ್ ಜೊತೆ ಸೇರಿ 1976 ರಲ್ಲಿ 'ಡಾಕ್ ಎಲಿಸ್ ಇನ್ ದ ಕಂಟ್ರಿ ಆಫ್ ಬೇಸ್‌ಬಾಲ್' ತಂದ. ಆಗ ಎಲಿಸ್ ಯಾಂಕೀಸ್‌ಗೆ ಆಡ್ತಿದ್ದ, ಮಾಲೀಕರು ಏನಂತಾರೋ ಅಂತ ಎಲ್ಎಸ್‌ಡಿ ತೆಗೆದು ವೋಡ್ಕಾ ಅಂತ ಬರೆದ್ರು. ನಿಜ ಸೇರಿದ್ದು 1989 ರ ಆವೃತ್ತಿಯಲ್ಲಿ. ಬಾಯಿಬಿಟ್ಟ ಪುಸ್ತಕ ಅಂತ ನಾವು ಕರೆಯೋವೂ ಎಲ್ಲಿ ಬಾಯಿ ಮುಚ್ಕೋಬೇಕು ಅಂತ ಲೆಕ್ಕ ಹಾಕಿರ್ತಾವೆ.

ಆದ್ರೆ ಎಲಿಸ್ ಅಂದ್ರೆ ಬರೀ ಅದೊಂದೇ ಅಂತ ಮಾಡ್ಬಿಟ್ಟಿದಾರೆ, ಅದು ನನಗೆ ಬೇಜಾರು. 1971 ರ ಆಲ್ ಸ್ಟಾರ್ ಪಂದ್ಯಕ್ಕೆ (ಎರಡು ಲೀಗ್‌ಗಳ ಆಯ್ದ ಆಟಗಾರರು ಎದುರುಬದುರು ಆಡೋದು) ಆ ಕಡೆಯಿಂದ ವೈಡಾ ಬ್ಲೂ ಎಸೀತಾನೆ ಅಂದ್ರೆ ಈ ಕಡೆ ನನ್ನನ್ನ ಹಾಕಲ್ಲ, ಇಬ್ಬರು ಕಪ್ಪು ಪಿಚರ್‌ಗಳನ್ನ ಎದುರುಬದುರು ನಿಲ್ಸಲ್ಲ ಅಂತ ಬಹಿರಂಗವಾಗಿ ಹೇಳ್ದ. ಹಾಕಿದ್ರು! ಮಾತಾಡಿದ್ದಕ್ಕೆ ಬೆನ್ನು ತಟ್ಟಿ ಜಾಕಿ ರಾಬಿನ್ಸನ್ ಪತ್ರ ಬರೆದ. ಆಟ ಬಿಟ್ಟ ಮೇಲೆ ಕುಡಿತ, ಡ್ರಗ್ಸ್ ಎಲ್ಲಾ ಬಿಟ್ಟು ವ್ಯಸನಿಗಳಿಗೆ ಕೌನ್ಸೆಲರ್ ಆಗಿ ವರ್ಷಗಟ್ಟಲೆ ಕೆಲಸ ಮಾಡ್ದ, 2008 ರಲ್ಲಿ ತೀರ್ಕೊಂಡ.

ಲೆಕ್ಕಪತ್ರ

ಹೊಸ ಕಾಲಕ್ಕೆ ಬನ್ನಿ. ಹೊಸೆ ಕ್ಯಾನ್ಸೆಕೊ, 'ಜ್ಯೂಸ್ಡ್', 2005. 462 ಹೋಮ್ ರನ್ ಹೊಡೆದ ಮನುಷ್ಯ. ನಾನು ಸ್ಟೆರಾಯ್ಡ್ ತಗೊಂಡೆ, ಮಾರ್ಕ್ ಮ್ಯಾಗ್ವಾಯರ್ ತಗೊಂಡ, ರಫಾಯೆಲ್ ಪಾಲ್ಮೇರೊ ತಗೊಂಡ ಅಂತ ಪಟ್ಟಿ ಕೊಟ್ಟ. ಮಾರ್ಚ್ 17 ರಂದು ಅಮೆರಿಕ ಕಾಂಗ್ರೆಸ್ ಎಲ್ಲರನ್ನೂ ಕರೆಸ್ತು. ಪಾಲ್ಮೇರೊ ಬೆರಳು ತೋರ್ಸಿ ನಾನು ಯಾವತ್ತೂ ತಗೊಂಡಿಲ್ಲ ಅಂದ, ಆಗಸ್ಟ್ 1 ಕ್ಕೆ ಅವನ ಪರೀಕ್ಷೆ ಪಾಸಿಟಿವ್ ಬಂದಿದ್ದು ಹೊರಬಿತ್ತು (ಗೊತ್ತಿದ್ದು ತಗೊಂಡಿಲ್ಲ ಅಂತ ಅವನ ವಾದ). ಮ್ಯಾಗ್ವಾಯರ್ ಹಳೇದ್ದು ಮಾತಾಡಕ್ಕೆ ಬಂದಿಲ್ಲ ನಾನು ಅಂದ, 2010 ರಲ್ಲಿ ಒಪ್ಕೊಂಡ.

ಈಗ ಹೇಳಿ, ಕ್ಯಾನ್ಸೆಕೊ ಒಳ್ಳೆ ಮನುಷ್ಯ ಅಂತ ಯಾರೂ ಅನ್ನಲ್ಲ. ದುಡ್ಡಿಗೆ ಬರೆದ, ಆಟದಿಂದ ಹೊರಗೆ ತಳ್ಳಿದ್ರು ಅನ್ನೋ ಸಿಟ್ಟಿಗೆ ಬರೆದ, ಅದೇ ಪುಸ್ತಕದಲ್ಲಿ ಸ್ಟೆರಾಯ್ಡ್ ಒಳ್ಳೇದು ಅಂತ ಹೊಗಳ್ತಾನೆ ಬೇರೆ. ಆದ್ರೂ ಅವನು ಹೇಳಿದ ಮುಖ್ಯ ವಿಷ್ಯ ನಿಜ ಆಯ್ತು. ಗೌರವಸ್ಥರೆಲ್ಲಾ ಸುಮ್ನಿದ್ರು.

ಹುಬ್ಬಳ್ಳಿ ಮಂದಿ

ಇದನ್ನ ಮಾತ್ರ ನಾ ಒಪ್ತೀನ್ರಿ ನೋಡ್ರಿ. ಯಾಕಂದ್ರ ಇಲ್ಲಿ ಮೋಸ ಆಟದಾಗ ಐತಿ. ಸ್ಟೆರಾಯ್ಡ್ ತಗೊಂಡಾಂವ ತಗೊಳ್ಳದಾಂವನ ಅನ್ನ ಕಸಗೊಂಡಾನ. ಮ್ಯಾಂಟಲ್ ಕುಡದ್ರ ಲುಕ್ಸಾನ ಅವನದ, ಅವನ ಮನಿಮಂದೀದು. ಊರಿಗೆ ಹೇಳೂ ವಿಷಯ ಯಾವ್ದು, ಮನಿಯಾಗ ಇಡೂ ವಿಷಯ ಯಾವ್ದು ಅನ್ನೂದಕ್ಕ ನನ್ನ ಗೆರಿ ಅಲ್ಲೇ.

ಬೆಂಚ್ ಮೇಲಿನವ

ಅದೇ ಲೆಕ್ಕದಲ್ಲಿ ಬೌಟನ್ ಬರೆದ ಗ್ರೀನೀಸ್ ಮಾತ್ರೆ ಎಲ್ಲಿ ಬರುತ್ತೆ ಸರ್? ಅದೂ ಆಟದಲ್ಲಿ ಚುರುಕಾಗೋಕೇ ತಗೋತಿದ್ದಿದ್ದು. ಕ್ಯಾನ್ಸೆಕೊಗೆ 35 ವರ್ಷ ಮುಂಚೆ ಬೌಟನ್ ಹೇಳಿದ್ದ, ಕೇಳಿಸ್ಕೊಂಡಿದ್ರೆ ಮುಂದಿಂದು ಇಷ್ಟು ದೂರ ಹೋಗ್ತಿರ್ಲಿಲ್ವೇನೋ.

ಹುಬ್ಬಳ್ಳಿ ಮಂದಿ

ಹಾಂ, ಮಾತ್ರಿ ಪುಟ ಇರ್ಲಿ. ಬಾರ್ ಪುಟ ತಗೀರಿ 😄

ಸೌಪರ್ಣಿಕಾ

ಹುಬ್ಬಳ್ಳಿ ಸರ್ ಗೆರೆಗೆ ಸಿಗದ ಒಂದು ಪುಸ್ತಕ ಹೇಳ್ತೀನಿ. ಗ್ಲೆನ್ ಬರ್ಕ್, ಲಾಸ್ ಏಂಜಲೀಸ್ ಡಾಡ್ಜರ್ಸ್. 1977 ಅಕ್ಟೋಬರ್ 2 ರಂದು ಡಸ್ಟಿ ಬೇಕರ್ ಹೋಮ್ ರನ್ ಹೊಡೆದು ಬಂದಾಗ ಕೈ ಮೇಲೆತ್ತಿ ಅಂಗೈಗೆ ಅಂಗೈ ಬಡಿದೋನು, ಹೈ ಫೈವ್ ಶುರುವಾಗಿದ್ದೇ ಅಲ್ಲಿಂದ ಅಂತ ತುಂಬ ಜನ ಹೇಳ್ತಾರೆ. ಅವನು ಗೇ ಅಂತ ತಂಡದೋರಿಗೆ ಗೊತ್ತಾಯ್ತು. ಬರ್ಕ್ ಹೇಳೋ ಪ್ರಕಾರ ಮ್ಯಾನೇಜ್‌ಮೆಂಟ್ ಅವನಿಗೆ 75,000 ಡಾಲರ್ ಕೊಡ್ತೀವಿ, ಮದುವೆ ಆಗು ಅಂತು. ಅವನು ಹೆಂಗಸಿನ ಜೊತೆನಾ ಅಂತ ಕೇಳಿದ್ನಂತೆ. ಸ್ವಲ್ಪ ದಿನಕ್ಕೆ ಓಕ್‌ಲ್ಯಾಂಡ್‌ಗೆ ಕಳಿಸಿದ್ರು, 27 ಕ್ಕೆ ಆಟ ಮುಗೀತು. ಪುಸ್ತಕ 'ಔಟ್ ಅಟ್ ಹೋಮ್' 1995, ಅದೇ ವರ್ಷ ಏಡ್ಸ್‌ನಿಂದ ತೀರ್ಕೊಂಡ. ಅದು ಖಾಸಗಿ ವಿಷ್ಯ, ನಿಮ್ಮ ಲೆಕ್ಕದಲ್ಲಿ ಮನೇಲಿ ಇಡೋದು. ಆದ್ರೆ ಅದನ್ನ ಮನೇಲಿ ಇಡಕ್ಕೆ ಬಿಡದೇ ಇದ್ದಿದ್ದು ತಂಡವೇ ಅಲ್ವಾ?

ಹುಬ್ಬಳ್ಳಿ ಮಂದಿ

ತನ್ನ ವಿಷಯ ತಾನ ಬರದಾನ, ಅದಕ್ಕ ನನ್ನ ತಕರಾರ ಎಂದೂ ಇಲ್ರಿ ಅಕ್ಕಾರ. ಪಾಪ, 27 ಅಂದ್ರ ಆಡೂ ವಯಸ್ಸು.

ಕಾಫಿ ಪುಡಿ

ತನ್ನ ವಿಷ್ಯ ತಾನೇ ಬರೆದೋರು ಅಂದಾಗ ಆರ್. ಎ. ಡಿಕ್ಕಿ ನೆನಪಾದ. 'ವೇರೆವರ್ ಐ ವೈಂಡ್ ಅಪ್', 2012. ಇವನೂ ನಕಲ್‌ಬಾಲ್‌ನೋನು. ಟೆಕ್ಸಸ್ ರೇಂಜರ್ಸ್ 810,000 ಡಾಲರ್ ಕೊಡಕ್ಕೆ ಒಪ್ಪಿ, ಆಮೇಲೆ ವೈದ್ಯಕೀಯ ಪರೀಕ್ಷೆ ಮಾಡಿ ನೋಡಿದ್ರೆ ಮೊಣಕೈಯಲ್ಲಿ ಇರಬೇಕಾದ ಒಂದು ಲಿಗಮೆಂಟೇ ಇಲ್ಲ, 75,000 ಕ್ಕೆ ಇಳಿಸಿದ್ರು. ಅದಕ್ಕಿಂತ ಗಟ್ಟಿ ವಿಷ್ಯ ಅಂದ್ರೆ ಚಿಕ್ಕ ಹುಡುಗನಾಗಿದ್ದಾಗ ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಬರೆದ. ಆಗಿನ್ನೂ ಮೆಟ್ಸ್‌ಗೆ ಆಡ್ತಾ ಇದ್ದ. ಆ ವರ್ಷಾನೇ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ದ.

ನಮಗೆ ಸಂಬಂಧ ಪಟ್ಟಿದ್ದೂ ಒಂದಿದೆ. 2012 ರ ಜನವರಿಯಲ್ಲಿ ಕಿಲಿಮಂಜಾರೊ ಹತ್ತಿ ಮುಂಬೈಯಲ್ಲಿ ಮಾನವ ಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳನ್ನ ಬಿಡಿಸೋ ಸಂಸ್ಥೆಗೆ ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿಕೊಟ್ಟ. ಗಾಯ ಆದ್ರೆ ಸಂಬಳ ಕೊಡಲ್ಲ ಅಂತ ತಂಡ ಎಚ್ಚರಿಸಿದ್ರೂ ಹತ್ತಿದ. ಮುಂದಿನ ವರ್ಷ ತನ್ನ ಸ್ವಂತ ಹೆಣ್ಣುಮಕ್ಕಳನ್ನ ಕರ್ಕೊಂಡು ಮುಂಬೈಗೇ ಹೋಗಿ ಬಂದ.

ಬೆಂಚ್ ಮೇಲಿನವ

ನಮ್ಮ ಕ್ರಿಕೆಟ್‌ನಲ್ಲಿ ಹೀಗೆ ಯಾವ್ದಿದೆ? ಗವಾಸ್ಕರ್ 'ಸನ್ನಿ ಡೇಸ್' 1976, ಜಮೈಕಾ ಪ್ರೇಕ್ಷಕರ ಬಗ್ಗೆ ಖಾರವಾಗಿ ಬರೆದಿದ್ರು. ನಮ್ಮ ಎರಪಳ್ಳಿ ಪ್ರಸನ್ನ ಅವರದ್ದು 'ಒನ್ ಮೋರ್ ಓವರ್' 1977. ಶೋಯೆಬ್ ಅಖ್ತರ್ 2011. ಆದ್ರೆ ಸೀಸನ್ ಪೂರ್ತಿ ದಿನಚರಿ ಬರೆದು, ಬೋರ್ಡ್ ನನಗೆ ಇಷ್ಟ್ ಕೊಡ್ತು, ಇಷ್ಟ್ ಕಡಿತ ಮಾಡ್ತು ಅಂತ ಆಡ್ತಾ ಇರೋವಾಗ್ಲೇ ಪ್ರಕಟಿಸಿದೋರು? ನನಗೆ ಯಾರೂ ನೆನಪಾಗ್ತಿಲ್ಲ. ಕಾಮೆಂಟರಿ ಬಾಕ್ಸಲ್ಲಿ ಕೆಲಸ ಬೇಕಲ್ಲ ಆಮೇಲೆ.

ನಿಂಬೆಹುಳಿ

ಬೌಟನ್‌ಗೂ ಟಿವಿ ಕೆಲಸ ಸಿಕ್ತಲ್ಲ?

ಗಿಣಿಶಾಸ್ತ್ರ

ಸಿಕ್ತು, ನ್ಯೂಯಾರ್ಕ್‌ನಲ್ಲಿ ಕ್ರೀಡಾ ವರದಿಗಾರ ಆದ. 1978 ರಲ್ಲಿ ಮತ್ತೆ ಆಟಕ್ಕೆ ವಾಪಸ್ ಬಂದು ಅಟ್ಲಾಂಟಾ ತಂಡಕ್ಕೆ ಒಂದು ಪಂದ್ಯ ಗೆದ್ದ, 39 ನೇ ವಯಸ್ಸಲ್ಲಿ. ಬಿಗ್ ಲೀಗ್ ಚ್ಯೂ ಅಂತ ತಂಬಾಕಿನ ಥರ ಎಳೆ ಎಳೆಯಾಗಿ ಇರೋ ಬಬಲ್ ಗಮ್ ಬರುತ್ತಲ್ಲ, ಅದನ್ನ ಶುರು ಮಾಡಿದ ಇಬ್ಬರಲ್ಲಿ ಇವನೊಬ್ಬ.

ಹೊಸದಾಗಿ ಓದೋರಿಗೆ: 'ಬಾಲ್ ಫೋರ್' ತಗೊಳ್ಳೋದಾದ್ರೆ 2000 ಆದ್ಮೇಲಿನ ಆವೃತ್ತಿ ತಗೊಳ್ಳಿ, ಹಿಂದೆ ಮೂರು ಸೇರ್ಪಡೆ ಇದಾವೆ. ಮ್ಯಾಂಟಲ್ ಮಗ 1994 ರಲ್ಲಿ ತೀರ್ಕೊಂಡಾಗ ಬೌಟನ್ ಸಂತಾಪದ ಪತ್ರ ಕಳಿಸ್ತಾನೆ, ಮ್ಯಾಂಟಲ್ ಫೋನ್ ಮಾಡಿ ಆನ್ಸರಿಂಗ್ ಮೆಶಿನ್‌ನಲ್ಲಿ ಥ್ಯಾಂಕ್ಸ್ ಹೇಳ್ತಾನೆ, ಓಲ್ಡ್ ಟೈಮರ್ಸ್ ಡೇಗೆ ನಿನ್ನ ಕರೀಬೇಡಿ ಅಂದೋನು ನಾನಲ್ಲ ಅಂತಾನೂ ಹೇಳ್ತಾನೆ. 1997 ರಲ್ಲಿ ಬೌಟನ್‌ನ ಮಗಳು ಲಾರಿ ಕಾರ್ ಅಪಘಾತದಲ್ಲಿ ಹೋದ್ಲು. ಮುಂದಿನ ವರ್ಷ ಅಪ್ಪಂದಿರ ದಿನ ಮಗ ಮೈಕಲ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಯಾಂಕೀಸ್‌ಗೆ ಬಹಿರಂಗ ಪತ್ರ ಬರೆದ, ನಮ್ಮಪ್ಪನ್ನ ಕರೀರಿ ಅಂತ. ಕರೆದ್ರು. ಆಡಿಯೋಬುಕ್ ಬೌಟನ್ ತಾನೇ ಓದಿದಾನೆ, ಕಾರಲ್ಲಿ ಕೇಳಕ್ಕೆ ಸಕ್ಕತ್ತಾಗಿದೆ, ಮಕ್ಕಳು ಹಿಂದೆ ಇದ್ರೆ ಬೇಡ.

ಸಿಯಾಟಲ್ ಕಡೆ ಬಂದ್ರೆ ಪೈಲಟ್ಸ್ ಆಡ್ತಿದ್ದ ಸಿಕ್ಸ್ ಸ್ಟೇಡಿಯಂ ಜಾಗ ತೋರಿಸ್ತೀನಿ, ಈಗ ಅಲ್ಲಿ ಲೋವ್ಸ್ ಹಾರ್ಡ್‌ವೇರ್ ಅಂಗಡಿ. ಜನ ಜಾಸ್ತಿ ಬಂದ ದಿನ ಟಾಯ್ಲೆಟ್‌ಗೆ ನೀರು ಏರ್ತಿರ್ಲಿಲ್ಲ ಅನ್ನೋಷ್ಟು ಬಡ ಮೈದಾನ ಅದು. 98 ಪಂದ್ಯ ಸೋತು, ಒಂದೇ ವರ್ಷಕ್ಕೆ ದಿವಾಳಿ ಎದ್ದು, 1970 ರಲ್ಲಿ ತಂಡ ಮಿಲ್ವಾಕಿಗೆ ಹೋಗಿ ಬ್ರೂವರ್ಸ್ ಆಯ್ತು.

ಹುಬ್ಬಳ್ಳಿ ಮಂದಿ

ಬ್ರಾಸ್ನನ್‌ದ ಮೊದಲ ತರಸ್ತೀನಿ, ತಾನ ಬರದಾನ ಅಂದ್ರೆಲ್ಲಾ. ಬೌಟನ್‌ದು ಯಾರರ ಓದಿ ಮುಗಿಸಿದ ಪ್ರತಿ ಇದ್ರ ಹೇಳ್ರಿ, ಅಂವಗ ರೊಕ್ಕ ಕೊಟ್ಟು ಓದಾಂವಲ್ಲ ನಾ.

ನಿಂಬೆಹುಳಿ

ನನಗೆ ಡಾಕ್ ಎಲಿಸ್ ಪುಸ್ತಕ ಸೆಕೆಂಡ್ ಹ್ಯಾಂಡ್ ಅಲ್ಲಿ ಸಿಗ್ತಾ ಇದೆ, ಯಾವ ವರ್ಷದ್ದು ಅಂತ ಹಾಕಿಲ್ಲ ಅವನು

ಕಾಫಿ ಪುಡಿ

ನೋ ಹಿಟ್ಟರ್ ಬರೋ ಪುಟದ ಫೋಟೋ ಕಳ್ಸು ಅಂತ ಕೇಳು. ವೋಡ್ಕಾ ಅಂತ ಇದ್ರೆ ತಗೋಬೇಡ.